ಇಟಲಿಯ ಹಳೇ ಟಾಕೀಸುಗಳಲ್ಲಿ ಈಗಲೂ ಸಿನಿಮಾ ಓಡ್ತಿರೋದು ಯಾವುವು? ಪುಸ್ತಕದಂಗಡಿ ಆಗಿರೋದು ಲೆಕ್ಕಕ್ಕೆ ಬರತ್ತಾ?

ಕೊನೇ ಸಾಲಿನ ಸೀಟು
ಎಲ್ಲರಿಗೂ ನಮಸ್ಕಾರ. ಜೂನ್ ಕೊನೇ ವಾರ ಅಕ್ಕನ ಜೊತೆ ಇಟಲಿಗೆ ಹೊರಟಿದ್ದೀನಿ, ಹನ್ನೆರಡು ದಿನ. ಬೊಲೋನ್ಯಾ, ಫ್ಲಾರೆನ್ಸ್, ರೋಮ್, ಸಮಯ ಸಿಕ್ಕರೆ ಟ್ಯೂರಿನ್. ಚರ್ಚು, ಮ್ಯೂಸಿಯಂ ಪಟ್ಟಿ ಅಕ್ಕನ ಕೈಲಿದೆ. ನನಗೆ ಬೇಕಿರೋದು ಹಳೇ ಚಿತ್ರಮಂದಿರಗಳು. ಹೊರಗಡೆ ನಿಂತು ಫೋಟೋ ತೆಗೆಯೋಕಲ್ಲ, ಟಿಕೆಟ್ ತಗೊಂಡು ಒಳಗೆ ಕೂತು ಸಿನಿಮಾ ನೋಡೋಕೆ.

ಎರಡು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಮಿಲಾನ್‌ಗೆ ಹೋದಾಗ ಅರ್ಧ ದಿನ ಬಿಡುವು ಸಿಕ್ಕಿತ್ತು. ದುವೋಮೊ ಅನ್ನೋ ದೊಡ್ಡ ಚರ್ಚಿನ ಪಕ್ಕದ ಬೀದಿಯಲ್ಲಿ ಓಡಿಯನ್ ಅಂತ 1929ರ ದೊಡ್ಡ ಚಿತ್ರಮಂದಿರ ಇದೆ ಅಂತ ಎಲ್ಲೋ ಓದಿದ್ದೆ. ಹುಡುಕ್ಕೊಂಡು ಹೋದರೆ ಬಾಗಿಲು ಹಾಕಿತ್ತು. 2023ರ ಬೇಸಿಗೆಯಲ್ಲೇ ಮುಚ್ಚಿಬಿಟ್ಟಿದ್ರು, ನನಗೆ ಗೊತ್ತಿರಲಿಲ್ಲ. ಎದುರಿನ ಫುಟ್‌ಪಾತ್ ಮೇಲೆ ಸುಮ್ಮನೆ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಒಬ್ಬ ಅಜ್ಜ ನನ್ನ ಮುಖ ನೋಡಿ ಏನೋ ಹೇಳಿದ್ರು. ಒಂದಕ್ಷರ ತಿಳೀಲಿಲ್ಲ. ಆಮೇಲೆ ಎರಡೂ ಕೈ ಅಗಲ ಮಾಡಿ ಕೆಳಗೆ ಬಿಟ್ರು. ಅದು ತಿಳೀತು.

ಈ ಸಲ ಹಾಗಾಗಬಾರದು. ಎಲ್ಲೆಲ್ಲಿ ದೀಪ ಆರಿಸಿ ಸಿನಿಮಾ ಹಾಕ್ತಿದ್ದಾರೋ ಅದನ್ನ ಹೇಳಿ. ಇನ್ನೊಂದು ಪ್ರಶ್ನೆ: ಫ್ಲಾರೆನ್ಸ್‌ನಲ್ಲೂ ಒಂದು ಓಡಿಯನ್ ಇದೆ, 1922ರದು. ಅದು 2023ರಿಂದ ಪುಸ್ತಕದಂಗಡಿ, ಸಂಜೆ ಮೇಲೆ ಸಿನಿಮಾ. ಅದನ್ನ ಉಳೀತು ಅನ್ನಬೇಕಾ, ಹೋಯ್ತು ಅನ್ನಬೇಕಾ? ಫೋಟೋ ನೋಡಿದಾಗ ನನಗಂತೂ ಕರುಳು ಚುರ್ ಅಂತು.

ಪೋರ್ಟಿಕೋ ಕೆಳಗೆ
ಬೊಲೋನ್ಯಾದಲ್ಲಿ ಓದ್ತಿದ್ದೀನಿ, ಮೂರನೇ ವರ್ಷ. ಅಕ್ಕಾ, ನೀವು ಬರ್ತಿರೋ ಸಮಯ ಬಂಗಾರದಂಥದ್ದು. ಜೂನ್ ಕೊನೇಲಿ ಇಲ್ಲಿ ‘ಇಲ್ ಚಿನೆಮಾ ರಿತ್ರೋವಾತೊ’ ಉತ್ಸವ ಇರತ್ತೆ, 1986ರಿಂದ ನಡೀತಿದೆ. ಕಳೆದುಹೋಗಿದ್ದ, ಹಾಳಾಗಿದ್ದ ಸಿನಿಮಾಗಳನ್ನ ಸರಿಮಾಡಿ ತೋರಿಸೋ ಉತ್ಸವ. ಊರಿಗೆ ಊರೇ ಬೆಳಿಗ್ಗೆಯಿಂದ ರಾತ್ರಿವರೆಗೂ ಸಿನಿಮಾ ನೋಡತ್ತೆ.

ಮೊದಲು ಹೋಗಬೇಕಾದ್ದು ಮೊದೆರ್ನಿಸ್ಸಿಮೊ. 1915ರಲ್ಲಿ ಶುರುವಾದದ್ದು, ಊರಿನ ಮಧ್ಯದ ಒಂದು ದೊಡ್ಡ ಕಟ್ಟಡದ ನೆಲದಡಿ. ಹೆಸರು ಬದಲಾಗಿ, ರೂಪ ಬದಲಾಗಿ, 2007ರಲ್ಲಿ ಮುಚ್ಚಿತ್ತು. 2023ರ ನವೆಂಬರ್‌ನಲ್ಲಿ ಇಲ್ಲಿನ ಚಿತ್ರ ಸಂಗ್ರಹಾಲಯ, ಅಂದರೆ ಚಿನೆತೇಕಾ, ಮತ್ತೆ ತೆರೀತು. ಒಳಾಂಗಣ ಮಾಡಿದವರು ಜಾನ್‌ಕಾರ್ಲೊ ಬಸೀಲಿ, ಸಿನಿಮಾಗಳಿಗೆ ಸೆಟ್ ಹಾಕೋ ಕಲಾ ನಿರ್ದೇಶಕರು. ಮೆಟ್ಟಿಲಿಳಿದು ಹೋಗ್ತಾ ಹೋಗ್ತಾ ಬೀದಿ ಗದ್ದಲ ಸಣ್ಣದಾಗಿ, ಕೊನೇ ತಿರುವಲ್ಲಿ ಪೂರ್ತಿ ನಿಂತುಹೋಗತ್ತೆ. ಒಳಗೆಲ್ಲ ಕೆಂಪು. ನಾನು ಮೊದಲ ಸಲ ಹೋದಾಗ ಸಿನಿಮಾ ಶುರುವಾಗೋ ಮುಂಚೆ ಕುತ್ತಿಗೆ ನೋವು ಬರೋವರೆಗೂ ಮೇಲೆ ನೋಡ್ತಾ ಕೂತಿದ್ದೆ.

ರೀಲು ಡಬ್ಬಿ
ಸಣ್ಣ ತಿದ್ದುಪಡಿ. ಫ್ಲಾರೆನ್ಸ್‌ನದ್ದು 1922ರಲ್ಲಿ ಶುರುವಾದಾಗ ಅದರ ಹೆಸರು ಸವೋಯಾ, ಆಗಿನ ಇಟಲಿಯ ರಾಜಮನೆತನದ ಹೆಸರು. ಓಡಿಯನ್ ಅನ್ನೋದು ಆಮೇಲೆ ಬಂದದ್ದು. ವಾಸ್ತುಶಿಲ್ಪಿ ಮಾರ್ಚೆಲ್ಲೊ ಪಿಯಾಚೆಂತೀನಿ. ಹದಿನೈದನೇ ಶತಮಾನದ ಅರಮನೆಯೊಳಗೆ ಸಿನಿಮಾ ಹಾಲ್ ಕೂರಿಸಿದ್ರು, ಮೇಲೆ ಬಣ್ಣದ ಗಾಜಿನ ಗುಮ್ಮಟ.

ಪುಸ್ತಕದಂಗಡಿ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ಉಳೀತು. ಗುಮ್ಮಟ ಇದೆ, ಬಾಲ್ಕನಿ ಇದೆ, ಪರದೆ ಇದೆ. ಇನ್ನೇನು ಬೇಕು?

ಮೂಲೆಮನೆ ಮಂಜು
ಸೀಟು ಬೇಕು.

ರೀಲು ಡಬ್ಬಿ
ಬಾಲ್ಕನಿಯಲ್ಲಿ ಸೀಟು ಇವೆ ಮಂಜು. ಕೆಳಗಡೆಯ ಜಾಗಕ್ಕೆ ಪುಸ್ತಕದ ಕಪಾಟು ಬಂದಿವೆ ಅಷ್ಟೇ.

ಮೂಲೆಮನೆ ಮಂಜು
‘ಅಷ್ಟೇ’ ಅನ್ನೋದು ಅಷ್ಟು ಸುಲಭ ಅಲ್ಲ ಸಾರ್. ಟಾಕೀಸ್ ಅಂದ್ರೆ ಕೆಳಗಡೆ ಕೂರೋರು. ಮುಂದಿನ ಬೆಂಚಲ್ಲಿ ಕೂತು ಶಿಳ್ಳೆ ಹೊಡೆಯೋರು ಇಲ್ಲದೇ ಬರೀ ಬಾಲ್ಕನಿ ಇಟ್ಕೊಂಡರೆ ಅದು ಅರ್ಧ ಟಾಕೀಸ್. ಗಾಂಧಿ ಕ್ಲಾಸ್ ಕಿತ್ತಾಕಿ ಬಾಲ್ಕನಿ ಉಳಿಸಿದ್ವಿ ಅಂತ ನಮ್ಮೂರಲ್ಲಿ ಯಾರಾದ್ರೂ ಅಂದಿದ್ರೆ ಒಪ್ತಿದ್ರಾ ನೀವು?

ಬರೀ ಲೆಕ್ಕ
ಭಾವನೆ ಪಕ್ಕಕ್ಕಿಟ್ಟು ಅಂಕಿ ನೋಡೋಣ. 1955ರಲ್ಲಿ ಇಟಲಿಯಲ್ಲಿ ಮಾರಾಟ ಆದ ಸಿನಿಮಾ ಟಿಕೆಟ್ 81.9 ಕೋಟಿ. ಆಗ ದೇಶದ ಜನಸಂಖ್ಯೆ ಐದು ಕೋಟಿಯೂ ಇರಲಿಲ್ಲ. ಹಸುಗೂಸಿನಿಂದ ಮುದುಕರವರೆಗೆ ತಲೆಗೆ ಹದಿನಾರು-ಹದಿನೇಳು ಸಿನಿಮಾ! ಮೂವತ್ತು ವರ್ಷ ಆದ್ಮೇಲೆ, 1985ರ ಹೊತ್ತಿಗೆ, ಅದು 12 ಕೋಟಿ ಆಸುಪಾಸಿಗೆ ಬಂದಿತ್ತು. ಏಳು ಜನರಲ್ಲಿ ಆರು ಜನ ಎದ್ದು ಹೋದ ಹಾಗೆ.

ಕಾರಣ ಗುಟ್ಟೇನಲ್ಲ. 1976ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಸ್ಥಳೀಯ ಖಾಸಗಿ ಟಿವಿಗೆ ಬಾಗಿಲು ತೆಗೀತು. ಚಾನೆಲ್ಲುಗಳು ನಾಯಿಕೊಡೆ ಎದ್ದಂಗೆ ಎದ್ವು, ಎಲ್ಲದರಲ್ಲೂ ಬೆಳಿಗ್ಗೆಯಿಂದ ರಾತ್ರಿವರೆಗೆ ಸಿನಿಮಾ, ಪುಕ್ಕಟೆ. ಊರ ಮಧ್ಯದಲ್ಲಿ ಸಾವಿರ ಸೀಟಿನ ಹಾಲ್ ಇಟ್ಕೊಂಡೋನು ಏನು ಮಾಡಬೇಕು? ಫ್ಲಾರೆನ್ಸ್‌ನವರು ಬಾಡಿಗೆ ಹುಟ್ಟೋ ದಾರಿ ಹುಡುಕಿದ್ರು, ಅದು ತಪ್ಪಾ?

ಟ್ಯೂರಿನ್ ತುಮಕೂರು
ಲೆಕ್ಕದವರು ಹೇಳಿದ್ದು ನಿಜ, ಆದರೆ ಒಂದು ದೊಡ್ಡ ಸಂಗತಿ ಬಿಟ್ಟುಹೋಯ್ತು. ನಾನಿರೋ ಊರಲ್ಲೇ ನಡೆದದ್ದು.

1983 ಫೆಬ್ರವರಿ 13, ಭಾನುವಾರ. ಟ್ಯೂರಿನ್‌ನ ಸ್ತತೂತೊ ಅನ್ನೋ ಚಿತ್ರಮಂದಿರದಲ್ಲಿ ಒಂದು ಫ್ರೆಂಚ್ ಹಾಸ್ಯಚಿತ್ರ ನಡೀತಿತ್ತು. ಹಾಲ್ ಒಳಗೆ ಬರೋ ದಾರಿಗೆ ಇಳಿಬಿಟ್ಟಿದ್ದ ಬಟ್ಟೆಗೆ ಬೆಂಕಿ ಹತ್ತಿತು. ಟಿಕೆಟ್ ಇಲ್ಲದೇ ಯಾರೂ ನುಸುಳಬಾರದು ಅಂತ ತುರ್ತು ಬಾಗಿಲುಗಳಿಗೆ ಒಳಗಿಂದ ಬೀಗ ಹಾಕಿದ್ರು. ಸೀಟಿನ ಬಟ್ಟೆ, ಸ್ಪಂಜು ಉರಿದು ಬಂದ ಹೊಗೆ ವಿಷ. ಬಾಲ್ಕನಿಯಲ್ಲಿ ಕೂತವರಲ್ಲಿ ಎಷ್ಟೋ ಜನ ಕೂತಲ್ಲೇ ಹೋದರು. 64 ಜನ.

ನಮ್ಮ ಆಫೀಸಿನಲ್ಲಿ ನಿವೃತ್ತಿಗೆ ಬಂದಿರೋ ಒಬ್ಬರು ಇವತ್ತಿಗೂ ಯಾವ ಹಾಲ್‌ಗೆ ಹೋದರೂ ಮೊದಲು ಬಾಗಿಲ ಸರಳು ತಳ್ಳಿ ನೋಡ್ತಾರೆ. ನನ್ನ ಜೊತೆ ಬಂದಾಗಲೂ ತಳ್ಳಿದ್ರು. ತೆಗೀತು. ಆಮೇಲೆ ಬಂದು ಕೂತ್ರು.

ಆ ದುರಂತ ಆದ್ಮೇಲೆ ದೇಶದಾದ್ಯಂತ ಸುರಕ್ಷತೆ ನಿಯಮ ಬಿಗಿಯಾಯ್ತು. ಆಗಲೇಬೇಕಿತ್ತು. ಆದರೆ ಹಳೇ ಹಾಲ್‌ಗಳಲ್ಲಿ ಹೊಸ ಬಾಗಿಲು, ಬೆಂಕಿ ಹತ್ತದ ಸೀಟು, ಹೊಸ ವೈರಿಂಗ್ ಹಾಕ್ಸೋಕೆ ದುಡ್ಡು ಎಲ್ಲಿಂದ ತರೋದು? ಟಿವಿಯಿಂದ ಮೊದಲೇ ಸೊರಗಿದ್ದವು ಒಂದೊಂದಾಗಿ ಮುಚ್ಚಿಕೊಂಡವು.

ಮಲ್ಲಿಗೆ ದಂಡೆ
ಓದಿ ಮೈ ಜುಮ್ಮೆಂತು. ದೆಹಲಿಯ ಉಪಹಾರ್ ನೆನಪಾಯ್ತು, 1997, 59 ಜನ. ಅಲ್ಲೂ ಹೊಗೆ, ಅಲ್ಲೂ ಬಾಲ್ಕನಿ.

ಕುಡ್ಲದ ಗಾಳಿ
ಇಷ್ಟೆಲ್ಲ ಮಾತಾಡಿ ಒಬ್ಬರೂ ‘ಸಿನಿಮಾ ಪ್ಯಾರಡೈಸೊ’ ಹೆಸರು ತೆಗೀಲಿಲ್ಲ ಅಲ್ಲ ಮಾರ್ರೆ! ಅದರ ಟಾಕೀಸು ಸಿಸಿಲಿಯಲ್ಲಿ ಉಂಟು. ನೀವು ಅಲ್ಲಿಗೆ ಹೋಗದೆ ಬರುದೆಂತಕ್ಕೆ?

ರೀಲು ಡಬ್ಬಿ
ಇಲ್ಲ, ಅದು ಈಗಿಲ್ಲ. ಆ ಟಾಕೀಸು ಪಲಾತ್ಸೊ ಆದ್ರಿಯಾನೊ ಅನ್ನೋ ಊರಿನ ಚೌಕದಲ್ಲಿ ಚಿತ್ರಕ್ಕೋಸ್ಕರ ಹಾಕಿದ ಸೆಟ್. ಚೌಕ, ಕಾರಂಜಿ ನಿಜದ್ದು, ಟಾಕೀಸು ಸೆಟ್. ಕಥೆಯಲ್ಲಿ ಕೊನೆಗೆ ಅದನ್ನ ಕೆಡವಿ ಪಾರ್ಕಿಂಗ್ ಮಾಡ್ತಾರಲ್ಲ, ಆ ಚಿತ್ರ ಬಂದ 1988ರಲ್ಲಿ ಇಟಲಿಯ ಊರೂರಲ್ಲೂ ನಿಜವಾದ ಟಾಕೀಸುಗಳಿಗೆ ಬೀಗ ಬೀಳ್ತಾ ಇತ್ತು. ನಿರ್ದೇಶಕ ತೊರ್ನತೋರೆ ಕಣ್ಣೆದುರಿಗೆ ಇದ್ದದ್ದನ್ನೇ ತೆಗೆದದ್ದು.

ಕುಡ್ಲದ ಗಾಳಿ
ಹೌದಾ! ನಾನು ಇಷ್ಟು ವರ್ಷ ಅದು ನಿಜದ್ದೇ ಅಂತ ತಿಳ್ಕೊಂಡಿದ್ದೆ. ಬೇಜಾರಾಯ್ತು. ಆದರೂ ಆ ಚೌಕ ಒಮ್ಮೆ ನೋಡ್ಲಿಕ್ಕೆ ಉಂಟು ನನಗೆ.

ಹುಬ್ಬಳ್ಳಿ ಆಪರೇಟರ್
ನಮಸ್ಕಾರ್ರಿ. ನಾ ಇಪ್ಪತ್ತೆಂಟು ವರ್ಷ ಪ್ರೊಜೆಕ್ಟರ್ ಆಪರೇಟರ್ ಇದ್ದೆ, ಈಗ ಮನ್ಯಾಗ ಅದೀನಿ. ಮಗಳು ಈ ಚರ್ಚೆ ತೋರಿಸಿದ್ಲು. ಎಲ್ಲಾರೂ ಗುಮ್ಮಟ, ಬಾಲ್ಕನಿ ಅನ್ನಾಕತ್ತೀರಿ. ಕ್ಯಾಬಿನ್ ಬಗ್ಗೆ ಒಬ್ರೂ ಕೇಳವಲ್ರಿ. ಒಳಗ ಮಷೀನ್ ಯಾವುದು ಐತಿ? ರೀಲ್ ಓಡಿಸ್ತಾರೋ ಇಲ್ಲೋ? ಇಲ್ಲ ಎಲ್ಲಾ ಕಂಪ್ಯೂಟರ್ ಆಗೇತೇನು?

ಪೋರ್ಟಿಕೋ ಕೆಳಗೆ
ಅಪ್ಪಾಜಿ, ನಿಮಗೆ ಖುಷಿ ಆಗೋ ಸುದ್ದಿ ಇದೆ. ಉತ್ಸವದ ಟೈಮಲ್ಲಿ ಚಿನೆತೇಕಾ ಅಂಗಳದಲ್ಲಿ, ಪಾಸೊಲೀನಿ ಹೆಸರಿನ ಪುಟ್ಟ ಚೌಕದಲ್ಲಿ, ಕಾರ್ಬನ್ ಆರ್ಕ್ ಪ್ರೊಜೆಕ್ಟರ್ ಇಟ್ಟು ರಾತ್ರಿ ಮೂಕಿ ಚಿತ್ರ ಹಾಕ್ತಾರೆ, ಬಯಲಲ್ಲೇ. ಮಷೀನು ಜನರ ಮಧ್ಯೆ ಇರತ್ತೆ, ಗೋಡೆ ಇಲ್ಲ, ಕ್ಯಾಬಿನ್ ಇಲ್ಲ. ಹತ್ತಿರ ಹೋಗಿ ನೋಡಬಹುದು.

ಹುಬ್ಬಳ್ಳಿ ಆಪರೇಟರ್
ಕಾರ್ಬನ್ನಾ? ಇವತ್ತಿಗೂ?

ನೋಡ್ರಿ, ಗೊತ್ತಿಲ್ಲದವರಿಗೆ ಹೇಳ್ತೀನಿ. ಎರಡು ಕಾರ್ಬನ್ ಕಡ್ಡಿ ಇರ್ತಾವು, ಒಂದು ಪಾಸಿಟಿವ್, ಒಂದು ನೆಗೆಟಿವ್. ತುದಿಗೆ ತುದಿ ಮುಟ್ಟಿಸಿ ಹಿಂದಕ್ಕ ಎಳದ್ರ ನಡುವ ಜ್ವಾಲಿ ನಿಲ್ತದ, ಬರಿಗಣ್ಣಿಲೆ ನೋಡಾಕ ಆಗೂದಿಲ್ಲ, ಕರೀ ಗಾಜಿನ್ಯಾಗಿಂದ ನೋಡಬೇಕು. ಕಡ್ಡಿ ಉರದು ಸಣ್ಣಾಕ್ಕೋತ ಹೋಗ್ತದ, ಹಂಗ ಅಂತರ ಹೆಚ್ಚಾಕ್ಕದ. ಹೆಚ್ಚಾದ್ರ ಪರದೆ ಮ್ಯಾಲೆ ಬೆಳಕು ಹಳದಿ ಬೀಳ್ತದ, ಜನ ಒದರ್ತಾರ. ಅದಕ್ಕ ಕೈ ಯಾವಾಗಲೂ ತಿರುಪಿನ ಮ್ಯಾಲೆ. ನಾ ಸಿನಿಮಾ ನೋಡ್ತಿರಲಿಲ್ರಿ, ಬೆಳಕು ನೋಡ್ತಿದ್ದೆ. ತಂಗಿ, ನೀವು ಅಲ್ಲಿಗೆ ಹೋದ್ರ ಆ ಆಪರೇಟರ್ ಕೈ ನೋಡಿ ಬಂದು ನನಗ ಹೇಳ್ರಿ.

ಕೊನೇ ಸಾಲಿನ ಸೀಟು
ಖಂಡಿತ ನೋಡಿ ಬರ್ತೀನಿ ಸಾರ್. ಇದೊಂದಕ್ಕೇ ಬೊಲೋನ್ಯಾದಲ್ಲಿ ಒಂದು ದಿನ ಜಾಸ್ತಿ ಹಾಕಿದೆ. ಅಕ್ಕನನ್ನ ಒಪ್ಪಿಸಿದ್ದೂ ಆಯ್ತು.

ಪೋರ್ಟಿಕೋ ಕೆಳಗೆ
ಇನ್ನೊಂದು ಮಾತು, ಇದು ಕನ್ನಡದವರೆಲ್ಲ ತಿಳ್ಕೋಬೇಕಾದ್ದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೊಸದಾಗಿ ಸರಿಹೋಗಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಬಂತಲ್ಲ, ಆ ದುರಸ್ತಿ ನಡೆದದ್ದು ಇದೇ ಊರಿನ ‘ಲಿಮ್ಮಾಜಿನೆ ರಿತ್ರೋವಾತಾ’ ಲ್ಯಾಬ್‌ನಲ್ಲಿ. ಪುಣೆಯ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್‌ನಿಂದ. 1977ರ ನಮ್ಮ ಕಪ್ಪು ಬಿಳುಪು ಚಿತ್ರ, ಅದರ ಒಂದೊಂದು ಚೌಕಟ್ಟಿನ ಗೀರು, ಧೂಳು ನಮ್ಮ ಭಾಷೆ ಗೊತ್ತಿಲ್ಲದವರ ಕೈಲಿ ತೊಳೆದುಕೊಂಡಿತು ಅಂತ ಆ ಬೀದಿ ದಾಟುವಾಗೆಲ್ಲ ಅನಿಸತ್ತೆ.

2025ರ ಜೂನ್‌ನಲ್ಲಿ ಇಲ್ಲಿನ ಪಿಯಾತ್ಸಾ ಮಜ್ಜೋರೆ ಚೌಕದಲ್ಲಿ ‘ಶೋಲೆ’ ಹಾಕಿದ್ರು, ಸೆನ್ಸಾರ್‌ಗೆ ಮುಂಚಿನ ಕೊನೆಯ ಜೊತೆಗೆ. ನಾನಿದ್ದೆ. ಚೌಕದ ತುಂಬ ಜನ. ಪರದೆ ಮೇಲೆ ರಾಮನಗರದ ಬಂಡೆ ಬಂದಾಗ ಪಕ್ಕದಲ್ಲಿದ್ದ ಹುಡುಗಿಗೆ “ಅದು ನಮ್ಮನೆಯಿಂದ ಒಂದು ಗಂಟೆ ದಾರಿ” ಅಂದೆ. ಅವಳು ನಂಬಲಿಲ್ಲ, ಮ್ಯಾಪ್ ತೆಗೆದು ತೋರಿಸಬೇಕಾಯ್ತು.

ಮೂಲೆಮನೆ ಮಂಜು
ರಾಮನಗರಕ್ಕೆ ಜೈ!

ರೋಮ್ ಬಾಡಿಗೆ ಮನೆ
ರೋಮ್ ವಿಷಯ ನಾನು ಹೇಳ್ತೀನಿ, ಏಳು ವರ್ಷ ಆಯ್ತು ಇಲ್ಲಿ. ಟ್ರಾಮ್ ಹಿಡಿದು ತ್ರಾಸ್ತೇವೆರೆಗೆ ಬನ್ನಿ. ಅಲ್ಲಿ ಒಳಗಡೆ ಗಲ್ಲಿಯಲ್ಲಿ ಅಮೆರಿಕಾ ಅನ್ನೋ ಟಾಕೀಸು ಇದೆ, 1950ರ ದಶಕದ್ದು. ಛಾವಣಿ ಸರಿಯತ್ತೆ! ಆಗಿನ ಕಾಲದಲ್ಲಿ ಎಲ್ಲಾರೂ ಒಳಗೇ ಸಿಗರೇಟು ಸೇದ್ತಿದ್ರು, ನಡುವೆ ಛಾವಣಿ ತೆಗೆದು ಹೊಗೆ ಹೊರಗೆ ಬಿಡ್ತಿದ್ರು. ಹಾಲ್ ಒಳಗೆ ಸೇದೋದಕ್ಕೆ ನಿಷೇಧ ಬಂದದ್ದು 1975ರ ಕಾನೂನಲ್ಲಿ.

ಈ ಅಮೆರಿಕಾ ಬಹಳ ವರ್ಷ ಮುಚ್ಚಿತ್ತು. ಕೆಡವಿ ಫ್ಲಾಟ್ ಕಟ್ಟೋ ಯೋಜನೆ ಬಂತು. 2012ರ ನವೆಂಬರ್‌ನಲ್ಲಿ ಹೈಸ್ಕೂಲು, ಕಾಲೇಜು ಹುಡುಗರು ಬಾಗಿಲು ತೆಗೆದು ಒಳಗೆ ಹೋಗಿ ಕೂತುಬಿಟ್ರು. ಗುಡಿಸಿದ್ರು, ಪರದೆ ಕಟ್ಟಿದ್ರು, ಸಿನಿಮಾ ಹಾಕಿದ್ರು. ಓಣಿಯ ಅಜ್ಜಿಯರೂ ಬಂದರು, ಎತ್ತೊರೆ ಸ್ಕೋಲಾ ಥರದ ದೊಡ್ಡ ನಿರ್ದೇಶಕರೂ ಬೆಂಬಲಕ್ಕೆ ನಿಂತರು. 2014ರಲ್ಲಿ ಪೊಲೀಸರು ಖಾಲಿ ಮಾಡಿಸಿದ್ರು. ಹುಡುಗರು ಮನೆಗೆ ಹೋಗಲಿಲ್ಲ. ಹತ್ತಿರದ ಸಾನ್ ಕೊಸಿಮಾತೊ ಚೌಕದಲ್ಲಿ ಬೇಸಿಗೆ ರಾತ್ರಿ ಪುಕ್ಕಟೆ ಸಿನಿಮಾ ಶುರುಮಾಡಿದ್ರು. ಬೆಳಿಗ್ಗೆ ತರಕಾರಿ ಮಾರೋ ಚೌಕ ಅದು. ಸಂಜೆ ಜನ ಚಾಪೆ, ಕುರ್ಚಿ ತಂದು ಹಾಕ್ಕೊಂಡು ಕೂರೋರು.

ಅದೇ ಹುಡುಗರು 2021ರ ಸೆಪ್ಟೆಂಬರ್‌ನಲ್ಲಿ ತ್ರೊಯ್ಸಿ ಅನ್ನೋ ಮುಚ್ಚಿದ್ದ ಹಾಲ್ ಟೆಂಡರಿನಲ್ಲಿ ಗೆದ್ದು ತೆರೆದ್ರು. ಒಂದೇ ಪರದೆ, ಮುನ್ನೂರು ಸೀಟು. ಪಕ್ಕದಲ್ಲೇ ಓದೋ ಕೋಣೆ, ದಿನದ 24 ಗಂಟೆಯೂ ತೆರೆದಿರತ್ತೆ. ಪರೀಕ್ಷೆ ಟೈಮಲ್ಲಿ ರಾತ್ರಿ ಎರಡಕ್ಕೆ ಹೋದರೂ ಮಕ್ಕಳು ಓದ್ತಾ ಇರ್ತಾರೆ.

ತ್ರೊಯ್ಸಿ ಬದಿಯಲ್ಲೇ ನುವೊವೊ ಸಾಕರ್. 1991ರಲ್ಲಿ ನಿರ್ದೇಶಕ ನಾನ್ನಿ ಮೊರೆತ್ತಿ ತಾವೇ ಶುರುಮಾಡಿದ್ದು. ಹೆಸರು ಅವರಿಗಿಷ್ಟವಾದ ಸಾಕರ್ ಕೇಕಿನದು. ಎರಡೂ ಒಂದೇ ಸಂಜೆ ಮುಗಿಸಬಹುದು.

ಬರೀ ಲೆಕ್ಕ
ದುಡ್ಡು ಯಾರು ಕೊಟ್ರು? ಅದನ್ನ ಹೇಳಿ. ಟಿಕೆಟ್ ದುಡ್ಡಲ್ಲಿ ನಡೆಯತ್ತೆ ಅಂದ್ರೆ ನಂಬೋದು ಕಷ್ಟ.

ಕಡತ ಕಟ್ಟು
ಬರೀ ಟಿಕೆಟಿನಲ್ಲಿ ಆಗಿಲ್ಲ, ಆಗಬೇಕಂತಲೂ ಇಲ್ಲ. 2016ರಲ್ಲಿ ಇಟಲಿ ಒಂದು ಸಿನಿಮಾ ಕಾಯ್ದೆ ತಂತು, ನಂಬರ್ 220. ಅದರಲ್ಲಿ ಮುಚ್ಚಿದ ಹಾಲ್‌ಗಳನ್ನ ಮತ್ತೆ ತೆರೆಯೋಕೆ, ಹೊಸವು ಕಟ್ಟೋಕೆ ಅಂತ ಐದು ವರ್ಷಕ್ಕೆ 12 ಕೋಟಿ ಯೂರೊ ತೆಗೆದಿಟ್ರು. 1980ಕ್ಕೂ ಮುಂಚಿನ ಹಳೇ ಹಾಲ್‌ಗಳಿಗೆ ಆದ್ಯತೆ. ಹಾಲ್‌ಗಳನ್ನ ಸಾಂಸ್ಕೃತಿಕ ಮಹತ್ವದ್ದು ಅಂತ ಘೋಷಿಸೋಕೂ ಅವಕಾಶ ಇದೆ. ಗ್ರಂಥಾಲಯ ಟಿಕೆಟಿಲ್ಲದೆ ನಡೆಯತ್ತೆ ಅಂತ ಯಾರೂ ತಕರಾರು ಎತ್ತಲ್ಲ. ಸಿನಿಮಾ ಹಾಲ್ ಕೂಡ ಹಾಗೇ ನೋಡಬೇಕು ಅನ್ನೋದು ಅವರ ವಾದ, ನನ್ನದೂ.

ರೋಮ್ ಬಾಡಿಗೆ ಮನೆ
ಆದರೂ ರೋಮ್‌ನಲ್ಲಿ ಜಗಳ ಮುಗಿದಿಲ್ಲ. ವಿಯಾ ದೆಲ್ ಕೊರ್ಸೊ ಬೀದಿಯ ಮೆಟ್ರೊಪಾಲಿಟನ್ 2010ರ ಕೊನೆಯಲ್ಲಿ ಮುಚ್ಚಿತು. ಅಂಥ ಎಷ್ಟೋ ಹಾಲ್‌ಗಳು ಬಾಗಿಲು ಹಾಕ್ಕೊಂಡು ನಿಂತಿವೆ. ಅವನ್ನ ಅಂಗಡಿ, ಹೋಟೆಲ್ ಮಾಡೋದು ಸುಲಭ ಆಗೋ ಹಾಗೆ ನಿಯಮ ಸಡಿಲಿಸೋ ಪ್ರಸ್ತಾಪ ಬಂದಾಗ, 2025ರ ಆರಂಭದಲ್ಲಿ ವಾಸ್ತುಶಿಲ್ಪಿ ರೆಂತ್ಸೊ ಪಿಯಾನೊ ದನಿ ಎತ್ತಿದರು. ಮಾರ್ಟಿನ್ ಸ್ಕೋರ್ಸೆಸಿ ಸೇರಿ ಬಹಳ ನಿರ್ದೇಶಕರು ಜೊತೆಗೂಡಿದರು.

ಬರೀ ಲೆಕ್ಕ
ಸರಿ. ಓದೋ ಕೋಣೆ ಐಡಿಯಾ ಮಾತ್ರ ನನಗೆ ಹಿಡಿಸ್ತು. ಹಗಲು ಖಾಲಿ ಬೀಳೋ ಕಟ್ಟಡಕ್ಕೆ ಅದು ಒಳ್ಳೇ ಕೆಲಸ. ಆದರೆ ಹಾಗಿದ್ರೆ ಫ್ಲಾರೆನ್ಸ್‌ನವರು ಹಗಲು ಪುಸ್ತಕ ಮಾರೋದು ಯಾಕೆ ತಪ್ಪು? ಮಂಜು ಉತ್ತರ ಕೊಡಲಿ.

ಮೂಲೆಮನೆ ಮಂಜು
ಓದೋ ಕೋಣೆ ಪಕ್ಕದಲ್ಲಿದೆ, ಸೀಟು ಕಿತ್ತಿಲ್ಲ. ಅದೇ ವ್ಯತ್ಯಾಸ.

ಅತ್ತಿಗುಪ್ಪೆ ಅತ್ತೆ
ಕೊನೇ ಸಾಲಿನ ಸೀಟು ಅವರೇ, ಮುಖ್ಯವಾದ್ದು ಯಾರೂ ಹೇಳಲಿಲ್ಲ. ಹೋದ ಸಲ ಮಗನ ಮನೆಗೆ ಹೋದಾಗ ಅನುಭವ ಆಗಿದೆ. ಆಸೆಪಟ್ಟು ಒಂದು ಇಂಗ್ಲಿಷ್ ಸಿನಿಮಾಕ್ಕೆ ಹೋದರೆ ಎಲ್ಲರೂ ಇಟಾಲಿಯನ್‌ನಲ್ಲೇ ಮಾತಾಡ್ತಾರೆ! ಕೌಂಟರಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್ ಅಂತಲೇ ಹೇಳಿದ್ರು, ಅವರಿಗೆ ನನ್ನ ಮಾತು ತಿಳಿಯಲಿಲ್ಲವೋ ಏನೋ. ಎರಡು ಗಂಟೆ ಮುಖಗಳನ್ನೇ ನೋಡಿಕೊಂಡು ಬಂದೆ. ಟಿಕೆಟ್ ತಗೊಳ್ಳೋ ಮುಂಚೆ ಪಟ್ಟಿಯಲ್ಲಿ ‘ವಿ.ಓ.’ ಅಂತ ಇದೆಯಾ ನೋಡಿ. ಮೂಲ ಭಾಷೆ ಅಂತ ಅರ್ಥ.

ಇನ್ನೊಂದು, ಅಲ್ಲೂ ಇಂಟರ್ವಲ್ ಇದೆ. ಪರದೆ ಮೇಲೆ ಮೊದಲ ಭಾಗ ಮುಗೀತು ಅಂತ ಬರತ್ತೆ, ದೀಪ ಹತ್ತತ್ತೆ. ನಾನು ಅಲ್ಲೇ ಕೂತು ನಮ್ಮೂರಲ್ಲೇ ಇದ್ದೀನಿ ಅನ್ಕೊಂಡೆ.

ರೀಲು ಡಬ್ಬಿ
ಆ ಡಬ್ಬಿಂಗ್ ಚಟ ಮುಸೊಲಿನಿ ಕಾಲದ್ದು. 1930ರ ಸುಮಾರಿಗೆ ಪರಭಾಷೆ ಮಾತು ಪರದೆ ಮೇಲೆ ಕೇಳಿಸಬಾರದು ಅಂತ ನಿರ್ಬಂಧ ಹಾಕಿದ್ರು. ಆಳಿದವರು ಹೋದರೂ ರೂಢಿ ಉಳೀತು. ಅವರ ಸ್ವಂತ ಚಿತ್ರಗಳಿಗೂ ಬಹಳ ಕಾಲ ಮಾತು ಸ್ಟುಡಿಯೋದಲ್ಲೇ ಸೇರಿಸ್ತಿದ್ರು, ಬೀದಿಯಲ್ಲಿ ತೆಗೆದ ನವ ವಾಸ್ತವವಾದಿ ಚಿತ್ರಗಳಿಗೂ ಸಹ.

ಕನ್ನಡ ಕಟ್ಟೆ
ನೋಡಿದ್ರಾ? ಡಬ್ಬಿಂಗ್ ಬಂದ್ರೆ ನಮ್ಮ ಸಿನಿಮಾ ಸಾಯತ್ತೆ ಅಂತ ದಶಕಗಟ್ಟಲೆ ಹೆದರಿಸಿದ್ರು. ಇಟಲಿಯಲ್ಲಿ ಎಲ್ಲಾ ಡಬ್ ಮಾಡಿಕೊಂಡೇ ಫೆಲಿನಿ, ಅಂತೋನಿಯೋನಿ ಥರದ ನಿರ್ದೇಶಕರು ಹುಟ್ಟಲಿಲ್ವಾ?

ಮಲ್ಲಿಗೆ ದಂಡೆ
ಅವರಿಗೆ ಚಿನೆಚಿತ್ತಾ ಅನ್ನೋ ದೊಡ್ಡ ಸ್ಟುಡಿಯೋ ಇತ್ತು, ಸರ್ಕಾರದ ಬಲ ಇತ್ತು. ನಮ್ಮ ಪುಟ್ಟ ಮಾರುಕಟ್ಟೆಗೆ ಅದನ್ನ ಹೋಲಿಸೋದು ಸರಿಯಲ್ಲ. ನಮ್ಮ ಕಲಾವಿದರು, ತಂತ್ರಜ್ಞರ ಅನ್ನದ ಪ್ರಶ್ನೆ ಅದು.

ಕನ್ನಡ ಕಟ್ಟೆ
ಅನ್ನದ ಪ್ರಶ್ನೆ ಸರಿ, ಕನ್ನಡ ಮಾತ್ರ ಬಲ್ಲ ಮಗು ಲೋಕದ ಸಿನಿಮಾ ಯಾವ ಭಾಷೇಲಿ ನೋಡಬೇಕು?

ನಿರ್ವಾಹಕರು
ಡಬ್ಬಿಂಗ್ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಇಟಲಿ ಟಾಕೀಸು ಮಾತ್ರ.

ಟ್ಯೂರಿನ್ ತುಮಕೂರು
ಟ್ಯೂರಿನ್‌ಗೆ ‘ಸಮಯ ಸಿಕ್ಕರೆ’ ಅಂದಿದ್ದೀರಿ, ಸಿಗೋ ಹಾಗೆ ಮಾಡ್ಕೊಳ್ಳಿ. ಇಟಲಿ ಸಿನಿಮಾದ ತವರು ರೋಮ್ ಅಂತ ಎಲ್ಲರೂ ಅಂದ್ಕೋತಾರೆ. ಮೂಕಿ ಕಾಲದಲ್ಲಿ ದೊಡ್ಡ ಸ್ಟುಡಿಯೋಗಳಿದ್ದದ್ದು ಇಲ್ಲಿ. ನಿರ್ದೇಶಕ ಪಸ್ತ್ರೋನೆಯ ‘ಕಬೀರಿಯಾ’ ಚಿತ್ರ ಇಲ್ಲೇ ತಯಾರಾಗಿ, 1914ರ ಏಪ್ರಿಲ್ 18ರಂದು ಇಲ್ಲಿನ ರಂಗಮಂದಿರದಲ್ಲೇ ಮೊದಲು ತೆರೆ ಕಂಡದ್ದು, ವಾದ್ಯವೃಂದ, ಗಾಯಕರ ಜೊತೆ. ಮೋಲೆ ಗೋಪುರದೊಳಗಿನ ಸಿನಿಮಾ ಮ್ಯೂಸಿಯಂನಲ್ಲಿ ಆ ಚಿತ್ರದ ರೆಕ್ಕೆಯ ಮೊಲೋಕ್ ದೇವರ ವಿಗ್ರಹ ನೋಡಬಹುದು. ಮಗಳು ನಾಲ್ಕು ವರ್ಷದವಳಿದ್ದಾಗ ಅದನ್ನ ನೋಡಿ ನನ್ನ ಕಾಲು ಬಿಡಲಿಲ್ಲ. ಮ್ಯೂಸಿಯಂನದ್ದೇ ಹಾಲ್ ಮಾಸ್ಸಿಮೊ, ನಡೆದೇ ಹೋಗಬಹುದು.

ಕುಡ್ಲದ ಗಾಳಿ
ನೇಪಲ್ಸ್‌ನಲ್ಲಿ ಒಂದು ಗುಹೆಯೊಳಗೆ ಟಾಕೀಸು ಇತ್ತಂತೆ ಅಲ್ವಾ? ಇದಾದ್ರೂ ನಿಜವಾ?

ರೀಲು ಡಬ್ಬಿ
ಇದು ನಿಜ. ವಿಯಾ ಕಿಯಾಯಾದ ಮೆಟ್ರೊಪಾಲಿಟನ್. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಜನ ಅಡಗ್ತಿದ್ದ ಮೆತುಗಲ್ಲಿನ ಗುಹೆ. ಯುದ್ಧ ಮುಗಿದ ಮೇಲೆ ಅದೇ ಜಾಗ ಟಾಕೀಸಾಯ್ತು.

ಮಿಲಾನ್ ಮೇಲೆ ಮುನಿಸಿಕೊಂಡಿರೋ ಕೊನೇ ಸಾಲಿನವರಿಗೆ: ಅಲ್ಲಿ ಅರ್ಲೆಕ್ಕೀನೊ ಅಂತ 1948ರ ಹಾಲ್ ಇದೆ. ಕಲಾವಿದ ಲೂಚಿಯೊ ಫೊಂತಾನಾ ಮಾಡಿದ ಬಣ್ಣದ ಪಿಂಗಾಣಿ ಉಬ್ಬುಶಿಲ್ಪ ಪರದೆ ಬುಡದಲ್ಲಿದೆ. ಈಗ ಮಿಲಾನಿನ ಚಿನೆತೇಕಾ ನಡೆಸತ್ತೆ.

ಅತ್ತಿಗುಪ್ಪೆ ಅತ್ತೆ
ನಮ್ಮೆಜಮಾನರು 70ರ ದಶಕದಲ್ಲಿ ಬೆಂಗಳೂರಿನ ಒಂದು ಫಿಲಂ ಸೊಸೈಟಿಯಲ್ಲಿ ‘ಬೈಸಿಕಲ್ ಥೀವ್ಸ್’ ತೋರಿಸಿದ್ರು, ಮದುವೆಯಾದ ಹೊಸತು. ಆ ಚಿತ್ರದ ನಾಯಕನ ಕೆಲಸವೇ ಪೋಸ್ಟರ್ ಅಂಟಿಸೋದು, ನೆನಪಿದೆಯಾ? ನಟಿ ರೀಟಾ ಹೇವರ್ತ್ ಸಿನಿಮಾ ಪೋಸ್ಟರ್ ಅಂಟಿಸ್ತಾ ಇರುವಾಗಲೇ ಸೈಕಲ್ ಕಳ್ಳತನ ಆಗತ್ತೆ. ಮುದ್ದೆಯಾದ ಕಾಗದವನ್ನ ಬ್ರಷ್‌ನಿಂದ ನೇವರಿಸೋದು ಬರದೆ ಒದ್ದಾಡ್ತಾನೆ ಪಾಪ. ಊರ ತುಂಬ ಸಿನಿಮಾ ಇದೆ, ಅವನ ಮಗ ಒಂದು ಹಾಲ್‌ನೊಳಕ್ಕೂ ಕಾಲಿಡಲ್ಲ. ರೋಮ್‌ಗೆ ಹೋದಾಗ ಅವರ ಬೀದಿಗಳನ್ನೂ ನೋಡಿ ಬನ್ನಿ ಮಗಳೇ.

ರೋಮ್ ಬಾಡಿಗೆ ಮನೆ
ಕೊನೇದಾಗಿ ಒಂದು ಎಚ್ಚರಿಕೆ. ಜುಲೈ, ಆಗಸ್ಟ್‌ನಲ್ಲಿ ಒಳಾಂಗಣ ಹಾಲ್‌ಗಳು ಎಷ್ಟೋ ರಜೆ ಹಾಕ್ತವೆ, ಸಿನಿಮಾ ಎಲ್ಲಾ ಬಯಲಿಗೆ ಬರತ್ತೆ. ನೀವು ಜುಲೈ ಮೊದಲ ವಾರ ರೋಮ್‌ನಲ್ಲಿರ್ತೀರಿ. ಅವತ್ತಿನ ಪಟ್ಟಿ ನೋಡಿಕೊಂಡೇ ಹೊರಡಿ.

ಕೊನೇ ಸಾಲಿನ ಸೀಟು
ಹೋಗಿ ಬಂದೆ! ಟ್ಯೂರಿನ್ ಆಗಲಿಲ್ಲ, ಕ್ಷಮಿಸಿ ತುಮಕೂರಿನವರೇ. ರೈಲು ಮುಷ್ಕರ.

ಮೊದೆರ್ನಿಸ್ಸಿಮೊದಲ್ಲಿ ಎರಡು ಸಿನಿಮಾ ನೋಡಿದೆ. ಗದ್ದಲ ನಿಲ್ಲೋ ಆ ತಿರುವು ಸಿಕ್ಕಿತು, ಎರಡನೇ ಸಲ ಬೇಕಂತಲೇ ಮೆಲ್ಲಗೆ ಇಳಿದೆ.

ಫ್ಲಾರೆನ್ಸ್ ಬಗ್ಗೆ ಜಗಳ ಇದ್ದವರಿಗೆ: ಮಧ್ಯಾಹ್ನ ಹೋದಾಗ ನನಗೆ ಅಂಗಡಿ ಅಂತಲೇ ಅನ್ನಿಸ್ತು, ಮಂಜು ಹೇಳಿದ್ದು ಸರಿ ಅನ್ಕೊಂಡೆ. ಅಕ್ಕ ಅಡುಗೆ ಪುಸ್ತಕ ಕೊಂಡಳು. ರಾತ್ರಿ ಮತ್ತೆ ಹೋಗಿ ಬಾಲ್ಕನಿ ಕೊನೇ ಸಾಲಲ್ಲಿ ಕೂತೆ. ದೀಪ ಆರಿದಾಗ ಕೆಳಗಿನ ಕಪಾಟುಗಳು ಕಾಣದೇ ಹೋದವು. ಪರದೆ ಮೇಲೆ ಬೆಳ್ಳನೆಯ ದೃಶ್ಯ ಬಂದಾಗ ಮಾತ್ರ ಪುಸ್ತಕಗಳ ಬೆನ್ನು ಸಾಲಾಗಿ ಮಿಂಚೋವು. ಪಕ್ಕದಲ್ಲಿ ಒಬ್ಬ ಅಜ್ಜಿ, ಸಿನಿಮಾ ಮುಗಿಯೋವರೆಗೂ ಪರ್ಸ್ ಮಡಿಲಲ್ಲಿ ಹಿಡ್ಕೊಂಡು ಅಲ್ಲಾಡದೆ ಕೂತಿದ್ರು. ಆ ಅಜ್ಜಿಗೆ ಬರೋಕೆ ಜಾಗ ಇದೆ. ನನಗೆ ಅದು ಉಳಿದದ್ದೇ. ಆದರೆ ಕೆಳಗಡೆ ಸೀಟುಗಳೂ ಇದ್ದಿದ್ರೆ ಅಂತ ಆಸೆ ಹೋಗಲಿಲ್ಲ.

ಆಪರೇಟರ್ ಸಾರ್, ಕಾರ್ಬನ್ ಶೋ ನೋಡಿದೆ. ಮಷೀನಿನಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದೆ. ಮೇಲಿನ ಕೊಳವೆಯಿಂದ ಸಣ್ಣಗೆ ಹೊಗೆ ಬರ್ತಿತ್ತು, ಅದು ಬೆಳಕಿನ ಕಂಬದೊಳಗೆ ಸೇರಿ ಸುರುಳಿ ಸುತ್ತೋದು. ಒಂಥರಾ ಕಮಟು ವಾಸನೆ. ನೀವು ಹೇಳಿದ ಹಾಗೆ ಆಪರೇಟರ್ ಕೈ ನೋಡಿದೆ. ಹೆಂಗಸು ಅವರು, ಐವತ್ತರ ಮೇಲಿನವರು. ಪರದೆ ಕಡೆ ಒಂದು ಸಲ, ಕರಿ ಗಾಜಿನ ಕಡೆ ಒಂದು ಸಲ. ಬೆರಳು ತಿರುಪಿನಿಂದ ತೆಗೀಲೇ ಇಲ್ಲ.

ಹುಬ್ಬಳ್ಳಿ ಆಪರೇಟರ್
ಬೆಳಕು ಹಳದಿ ಬಿತ್ತೇನ್ರಿ?

ಕೊನೇ ಸಾಲಿನ ಸೀಟು
ಒಂದು ಸಲ. ಎರಡು ಸೆಕೆಂಡು ಇರಬಹುದು. ಯಾರೂ ಕೂಗಲಿಲ್ಲ.

ಹುಬ್ಬಳ್ಳಿ ಆಪರೇಟರ್
ಎರಡು ಸೆಕೆಂಡ್ ಅಂದ್ರ ಬಾಳ ಚಲೋ ಕೈ ಐತಿ. ರೀಲ್ ಮುಗಿಯೂ ಮುಂದ ಉಳಿದ ಕಡ್ಡಿ ತುಂಡು ಏನು ಮಾಡ್ತಿದ್ರು ನೋಡಿದ್ರೇನು? ನಾವು ತಗಡಿನ ಡಬ್ಬಿಯಾಗ ಕೂಡಿಸಿ ಇಡ್ತಿದ್ವಿ, ಓಣಿ ಹುಡುಗ್ರು ಗ್ವಾಡಿ ಮ್ಯಾಲೆ ಬರ್ಯಾಕ ಇಸ್ಕೊಂಡು ಹೋಗ್ತಿದ್ರು.